ಗುರುವಾರ ಮಾತ್ರ ಕೆಡುವ ವೈಫೈ: ಸಿಂಹಗಡ ರಸ್ತೆಯ ಒಂದು ಮನೆಯ ಪ್ರಕರಣ

ಪುಣೆಯ ಸಿಂಹಗಡ ರಸ್ತೆಯಲ್ಲಿ, ವಡಗಾಂವ್ ಕಡೆ, ನಮ್ಮ ಕಾಕಾ ಅವರ ಮನೆ ಇದೆ. ಮೂರನೇ ಮಹಡಿ, ಎರಡು ಬೆಡ್‌ರೂಮ್. ಕಾಕಾ ಧಾರವಾಡ ಬಿಟ್ಟು ಭೋಸರಿಯ ಕಾರ್ಖಾನೆಗೆ ಕೆಲಸಕ್ಕೆ ಬಂದವರು, ಈಗ ರಿಟೈರ್ ಆಗಿದ್ದಾರೆ. ಮನೆಯಲ್ಲಿ ಕಾಕಾ, ಕಾಕು, ಮತ್ತು ಅವರ ಮಗ. ನನಗೆ ತಮ್ಮ. ಅವನಿಗೆ ಹಿಂಜವಡಿಯಲ್ಲಿ ನೌಕರಿ, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ನಾನು ಇರುವುದು ವಾರಜೆಯಲ್ಲಿ. ಒಂದು ಕಂಪನಿಯ ನೆಟ್‌ವರ್ಕ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಬಳಗದಲ್ಲಿ ಯಾರ ಮನೆಯ ನೆಟ್ ಕೆಟ್ಟರೂ ಫೋನ್ ನನಗೇ ಬರುತ್ತದೆ.

ಒಂದು ಶುಕ್ರವಾರ ಬೆಳಿಗ್ಗೆ ಕಾಕು ಫೋನ್ ಮಾಡಿದರು.

"ಗುರುವಾರ ಬಂತಂದ್ರ ಸಾಕು, ನಮ್ಮನಿ ನೆಟ್ ಮುನಿಸ್ಕೊಂಡು ಕೂಡ್ತದ ನೋಡವಾ. ನಿನ್ನ ತಮ್ಮ ಆ ಹೊಸಾ ಡಬ್ಬಿ ತಂದಾಗಿಂದ ಹಿಂಗಾಗೇದ."

ಗುರುವಾರ, ಮತ್ತು ಹೊಸ ಡಬ್ಬಿ. ಪೂರ್ತಿ ಉತ್ತರ ಈ ಎರಡು ಮಾತಿನಲ್ಲೇ ಇತ್ತು. ಆದರೆ ಅವತ್ತು ನನಗೆ ಹೊಳೆಯಲಿಲ್ಲ. ನೆಟ್‌ಗೆ ವಾರ ಯಾವುದಾದರೇನು ಅಂದುಕೊಂಡು ಭಾನುವಾರ ಬರುತ್ತೇನೆ ಅಂದೆ. ಈ ಪ್ರಕರಣವನ್ನು ವಿವರವಾಗಿ ಬರೆಯಲು ಇದೇ ಕಾರಣ. ತಂತ್ರಜ್ಞಾನ ಗೊತ್ತಿಲ್ಲದವರು ಹೇಳುವ ಲಕ್ಷಣವನ್ನು ನಾವು ಅರ್ಧ ಕಿವಿಯಲ್ಲಿ ಕೇಳುತ್ತೇವೆ. ಕಾಕು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮನೆಯಲ್ಲಿ ಏನಿತ್ತು

ಹಾಲ್‌ನಲ್ಲಿ ಟಿವಿ ಪಕ್ಕ ನೆಟ್ ಕಂಪನಿಯವರು ಕೊಟ್ಟ ಡಬ್ಬಿ. ಹೊರಗಿನ ಡಕ್ಟ್‌ನಿಂದ ಸಣ್ಣ ಫೈಬರ್ ಎಳೆ ಒಳಗೆ ಬಂದು ಅದಕ್ಕೆ ಸೇರುತ್ತದೆ. ಅದರಲ್ಲೇ ವೈಫೈ, ಅದರಲ್ಲೇ ಲ್ಯಾಂಡ್‌ಲೈನ್ ಫೋನಿನ ಕಿಂಡಿ, ಹಿಂದೆ ಮನೆಯೊಳಗಿನ ವಸ್ತುಗಳಿಗೆ ಕೇಬಲ್ ಹಾಕುವ ನಾಲ್ಕು ಲ್ಯಾನ್ ಪೋರ್ಟ್. ತಮ್ಮ ಕೆಲಸಕ್ಕೆ ಕೂರುವುದು ಹಿಂದಿನ ರೂಮಿನಲ್ಲಿ. ನಡುವೆ ಎರಡು ಗೋಡೆ, ಒಂದು ಬಾತ್‌ರೂಮ್, ಒಂದು ಕಬ್ಬಿಣದ ಕಪಾಟು. ಅಲ್ಲಿಗೆ ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು.

ಮೊದಲು ಅವನು ಡಬ್ಬಿಯನ್ನೇ ಒಳಗೆ ಒಯ್ಯಲು ನೋಡಿದ್ದ. ಫೈಬರ್ ಎಳೆಯನ್ನು ಕಪಾಟಿನ ಮೂಲೆಯಲ್ಲಿ ಮಡಚಿ ಎಳೆದಾಗ ಕೆಂಪು ದೀಪ ಹತ್ತಿ ನೆಟ್ ನಿಂತುಬಿಟ್ಟಿತು. ಅದು ಗಾಜಿನ ಎಳೆ. ಜಾಸ್ತಿ ಬಗ್ಗಿಸಿದರೆ ಬೆಳಕು ಬದಿಯಿಂದ ಸೋರಿಹೋಗುತ್ತದೆ. ಪುಣ್ಯಕ್ಕೆ ಮುರಿದಿರಲಿಲ್ಲ, ನೆಟ್ಟಗೆ ಮಾಡಿದ ಮೇಲೆ ಸರಿಯಾಯಿತು. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಮನೆಗೆ ಬರುವ ಬೆಳಕು ಸಾಮಾನ್ಯವಾಗಿ 1490 ನ್ಯಾನೋಮೀಟರಿನದು, ಕಣ್ಣಿಗೆ ಕಾಣುವುದಿಲ್ಲ. ಕತ್ತಲಾಗಿದೆ ಅಂದರೆ ಬೆಳಕಿಲ್ಲ ಅಂತ ಅರ್ಥವಲ್ಲ.

ಆಮೇಲೆ ಅವನು ಅಂಗಡಿಯಿಂದ ಒಳ್ಳೆಯ ರೂಟರ್ ತಂದ. ಹಾಲ್‌ನ ಡಬ್ಬಿಯಿಂದ ಗೋಡೆ ಬದಿಗೆ ಉದ್ದ ಲ್ಯಾನ್ ಕೇಬಲ್ ಎಳೆದು ಹಿಂದಿನ ರೂಮಿನಲ್ಲಿ ಅದನ್ನು ಇಟ್ಟ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟ. ತಕ್ಷಣ ನೆಟ್ ಬಂತು. ಮನೆಯವರೆಲ್ಲ ಖುಷಿಯಾದರು.

ಕಾಕಾ ಅವರಿಗೆ ಒಂದು ಪ್ರಶ್ನೆ ಮಾತ್ರ ಉಳಿದಿತ್ತು. "ಹೊಸಾದು ತಂದ ಮ್ಯಾಲ ಹಳೇದು ಯಾಕ ಬೇಕು? ತಗದು ಇಟ್ಟಬಿಡೂಣಲ್ಲ?" ಬಹಳ ಜನ ಇದನ್ನೇ ಕೇಳುತ್ತಾರೆ. ಅಂಗಡಿಯ ಸಾಮಾನ್ಯ ರೂಟರ್‌ಗೆ ಫೈಬರ್ ಚುಚ್ಚಲು ಜಾಗವೇ ಇಲ್ಲ. ಬೆಳಕನ್ನು ವಿದ್ಯುತ್ ಸಂಕೇತ ಮಾಡುವ ಕೆಲಸ ಕಂಪನಿಯ ಡಬ್ಬಿಯದು. ಜೊತೆಗೆ, ರಸ್ತೆಯಲ್ಲಿ ಒಂದೇ ಫೈಬರ್ ಎಳೆಯನ್ನು ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗೂ ಹಂಚಿರುತ್ತಾರೆ. ಯಾವ ಡಬ್ಬಿ ಯಾವಾಗ ಮಾತಾಡಬೇಕು ಎಂಬ ಸರದಿಯನ್ನು ಫೈಬರ್‌ನ ಆ ತುದಿಯಲ್ಲಿರುವ ಕಂಪನಿಯ ಯಂತ್ರ ನಿಗದಿ ಮಾಡುತ್ತದೆ. ನಮ್ಮ ಡಬ್ಬಿಯ ಸೀರಿಯಲ್ ನಂಬರ್ ಅಲ್ಲಿ ನೋಂದಣಿಯಾಗಿರುತ್ತದೆ. ಹಾಗಾಗಿ ಅದು ಇರಲೇಬೇಕು.

ಭಾನುವಾರ ಮಾಡಿದ ಗುರುವಾರ

ಭಾನುವಾರ ಹೋದಾಗ ಎಲ್ಲ ಸರಿಯಾಗಿಯೇ ಇತ್ತು. ಮೂರೂ ಫೋನ್, ಲ್ಯಾಪ್‌ಟಾಪ್, ಟಿವಿ, ಎಲ್ಲದರಲ್ಲೂ ನೆಟ್. ಕಾಕು ಅವಲಕ್ಕಿ ಕೊಟ್ಟು ಎದುರಿಗೆ ಕೂತರು. ಗುರುವಾರ ಏನೇನಾಗುತ್ತದೆ ಅಂತ ಒಂದೊಂದೇ ಕೇಳಿದೆ. ವೈಫೈ ಚಿಹ್ನೆ ತುಂಬ ಇರುತ್ತದಂತೆ. ಕೆಳಗೆ 'ಇಂಟರ್ನೆಟ್ ಇಲ್ಲ' ಅಂತ ಬರೆದಿರುತ್ತದಂತೆ. ಫೋನ್ ಬಂದ್ ಮಾಡಿ ಹಚ್ಚಿದರೂ ಅಷ್ಟೇ. ತಮ್ಮನ ರೂಟರನ್ನು ಐದು ನಿಮಿಷ ಆರಿಸಿ, ಆಮೇಲೆ ಹಚ್ಚಿದರೆ ಮಾತ್ರ ಸರಿಯಾಗುತ್ತದಂತೆ.

"ಗುರುವಾರ ಎಷ್ಟ ಗಂಟೆಕ್ಕ ಶುರು ಆಗ್ತದ ಕಾಕು?"

"ಲೈಟ್ ಬಂದ ಮ್ಯಾಲ."

ಅಲ್ಲಿಗೆ ನನ್ನ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ರಿಪೇರಿ ಕೆಲಸಕ್ಕೆ ಗುರುವಾರ ಕರೆಂಟ್ ತೆಗೆಯುವುದು ಪುಣೆಯವರಿಗೆ ಹೊಸದಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದು ದೀಪ, ಫ್ಯಾನ್‌ಗೆ ಮಾತ್ರ. ಟಿವಿ ಹತ್ತಿರದ ಪ್ಲಗ್ ಪಾಯಿಂಟ್ ಅದರಲ್ಲಿಲ್ಲ. ಅಂದರೆ ಗುರುವಾರ ಎರಡೂ ಡಬ್ಬಿ ಒಟ್ಟಿಗೆ ಆರುತ್ತವೆ, ಒಟ್ಟಿಗೆ ಹತ್ತುತ್ತವೆ. ಉಳಿದ ದಿನ ಹಾಗೆ ಆಗುವುದಿಲ್ಲ.

ಹಾಗಾದರೆ ಗುರುವಾರವನ್ನು ಇವತ್ತೇ ಮಾಡಿ ನೋಡೋಣ ಅಂತ ಮೇನ್ ಸ್ವಿಚ್ ತೆಗೆದೆ. ಎರಡು ನಿಮಿಷ ಬಿಟ್ಟು ಹಾಕಿದೆ. ತಮ್ಮ ಫೋನಿನ ಗಡಿಯಾರ ಹಿಡಿದು ನಿಂತ. ಅವನ ರೂಟರ್‌ನ ವೈಫೈ ನಲವತ್ತು ಸೆಕೆಂಡಿಗೆ ಎದ್ದಿತು. ಕಂಪನಿಯ ಡಬ್ಬಿಗೆ ಹತ್ತಿರ ಹತ್ತಿರ ಮೂರು ನಿಮಿಷ ಬೇಕಾಯಿತು. ಅದು ಮೊದಲು ತಾನು ಏಳಬೇಕು, ಆಮೇಲೆ ಫೈಬರ್‌ನ ಆ ತುದಿಯ ಯಂತ್ರದ ಜೊತೆ ಕೈ ಕುಲುಕಬೇಕು. ಅಷ್ಟರಲ್ಲಿ ಮೂರು ಫೋನ್‌ಗಳಲ್ಲಿ ಎರಡು 'ಇಂಟರ್ನೆಟ್ ಇಲ್ಲ' ಅಂದವು. ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ, ಕಾಕು ಹೇಳಿದ ಗುರುವಾರ ಕಣ್ಣೆದುರು ಬಂದಿತ್ತು.

ಕೆಟ್ಟ ಫೋನ್‌ನ ವೈಫೈ ವಿವರ ತೆಗೆದೆ. ನೆಟ್‌ವರ್ಕ್‌ನಲ್ಲಿ ಆ ಫೋನಿನ ವಿಳಾಸ, ಅಂದರೆ ಐಪಿ, 192.168.0.103. ಹೊರಗೆ ಹೋಗುವ ಬಾಗಿಲು, ಅಂದರೆ ಗೇಟ್‌ವೇ, 192.168.0.1. ಕಾಕಾ ಅವರ ಫೋನ್‌ನ ವೈಫೈ ಆ ಹೊತ್ತಿಗೆ ಬಂದ್ ಇತ್ತು. ಐದು ನಿಮಿಷ ಬಿಟ್ಟು ಅದನ್ನು ಹಚ್ಚಿದಾಗ 192.168.1.7 ಸಿಕ್ಕಿತು, ಗೇಟ್‌ವೇ 192.168.1.1. ಅದರಲ್ಲಿ ನೆಟ್ ಚೆನ್ನಾಗಿತ್ತು. ಒಂದೇ ಮನೆ, ಒಂದೇ ವೈಫೈ ಹೆಸರು, ಎರಡು ಬೇರೆ ಬೇರೆ ವಿಳಾಸದ ಸಾಲು.

ಈಗ ರೂಟರ್‌ನ ಹಿಂಭಾಗ ನೋಡಿದೆ. ಹಾಲ್‌ನಿಂದ ಬಂದ ಕೇಬಲ್ ಬೇರೆ ಬಣ್ಣದ ವ್ಯಾನ್ ಪೋರ್ಟ್‌ಗೆ, ಅಂದರೆ ಹೊರಗಿನ ನೆಟ್ ಒಳಗೆ ಬರುವ ಕಿಂಡಿಗೆ, ಹೋಗಿರಲಿಲ್ಲ. ಪಕ್ಕದ ಲ್ಯಾನ್ ಪೋರ್ಟ್‌ನಲ್ಲಿತ್ತು. ತಮ್ಮ ವಿಡಿಯೊ ನೋಡಿಯೇ ಹಾಗೆ ಮಾಡಿದ್ದ. ಆ ವಿಡಿಯೊದಲ್ಲಿ ಎರಡು ಹೆಜ್ಜೆ ಹೇಳಿದ್ದರಂತೆ. ಲ್ಯಾನ್‌ನಿಂದ ಲ್ಯಾನ್‌ಗೆ ಕೇಬಲ್ ಹಾಕಿ, ಆಮೇಲೆ ಹೊಸ ರೂಟರ್‌ನ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ಆರಿಸಿ. "ಮೊದಲನೇದು ಮಾಡಿದ ಕೂಡ್ಲೆ ನೆಟ್ ಬಂತು ಅಕ್ಕಾ, ಅದಕ್ಕ ಎರಡನೇದು ಬಿಟ್ಟೆ" ಅಂದ. ನೆಟ್ ಬಂದ ಮೇಲೆ ಇನ್ನೊಂದು ಹೆಜ್ಜೆ ಯಾಕೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಕೀಲಿ ಕೊಡುವವರು ಇಬ್ಬರು

ಕಾಕಾ, ಕಾಕು ಇಬ್ಬರಿಗೂ ಅರ್ಥವಾಗುವಂತೆ ಹೇಳಬೇಕಿತ್ತು. ಮದುವೆ ಮನೆ ನೆನಪಿಗೆ ಬಂತು. ಊರಿಂದ ಬಂದವರಿಗೆ ಉಳಿಯಲು ರೂಮಿನ ಕೀಲಿ ಕೊಡಲು ಒಬ್ಬರು ಬಾಗಿಲಲ್ಲಿ ಕೂತಿರುತ್ತಾರೆ. ಹೊಸ ಫೋನ್ ವೈಫೈಗೆ ಸೇರಿದಾಗ ಅದೂ ಹಾಗೇ ಕೂಗುತ್ತದೆ: ನನಗೊಂದು ವಿಳಾಸ ಕೊಡಿ, ಹೊರಗೆ ಹೋಗುವ ಬಾಗಿಲು ಎಲ್ಲಿ ಹೇಳಿ. ಆ ಕೂಗಿಗೆ ಉತ್ತರ ಕೊಡುವ ಕೆಲಸಕ್ಕೆ ಡಿಎಚ್‌ಸಿಪಿ ಅಂತ ಹೆಸರು. ಒಂದು ಮನೆಗೆ ಒಬ್ಬರೇ ಉತ್ತರ ಕೊಡಬೇಕು. ಇವರ ಮನೆಯಲ್ಲಿ ಇಬ್ಬರು ಕೂತಿದ್ದರು. ಮೊದಲು ಕೈ ಚಾಚಿದವರ ಕೀಲಿಯನ್ನೇ ಫೋನ್ ಸಾಮಾನ್ಯವಾಗಿ ತೆಗೆದುಕೊಳ್ಳುತ್ತದೆ. ಕಂಪನಿಯ ಡಬ್ಬಿ ಕೊಟ್ಟ ಕೀಲಿಗೆ ಹೊರಗಿನ ದಾರಿ ಇದೆ. ಹೊಸ ರೂಟರ್ ಕೊಟ್ಟ ಕೀಲಿಗೆ ದಾರಿ ಇಲ್ಲ, ಯಾಕೆಂದರೆ ಅದರ ವ್ಯಾನ್ ಪೋರ್ಟ್ ಖಾಲಿ ಇದೆ. ಹೊರಗೆ ಹೋಗುವ ಬಾಗಿಲು ನಾನೇ ಅಂತ ಅದು ಹೇಳುತ್ತದೆ, ಆದರೆ ಹಿಂದೆ ಗೋಡೆ.

ಉಳಿದ ದಿನ ಯಾಕೆ ನಡೆಯುತ್ತಿತ್ತು? ಒಮ್ಮೆ ವಿಳಾಸ ಸಿಕ್ಕ ಮೇಲೆ ಫೋನ್ ಅದನ್ನು ಬಿಡುವುದಿಲ್ಲ. ವಿಳಾಸವನ್ನು ಒಂದು ಅವಧಿಗೆ ಅಂತ ಕೊಟ್ಟಿರುತ್ತಾರೆ, ಅದು ಅರ್ಧ ಮುಗಿದಾಗ ಕೊಟ್ಟವರ ಹತ್ತಿರವೇ ಹೋಗಿ ನವೀಕರಿಸಿಕೊಳ್ಳುತ್ತದೆ. ಸರಿಯಾದದ್ದು ಸಿಕ್ಕವರಿಗೆ ಸರಿಯಾದದ್ದೇ ಮುಂದುವರಿಯುತ್ತದೆ. ಗುರುವಾರ ಕರೆಂಟ್ ಬಂದಾಗ ಮಾತ್ರ ಎಲ್ಲ ಹೊಸದಾಗಿ ಶುರು. ಆಗ ಮೊದಲು ಏಳುವುದು ಹೊಸ ರೂಟರ್. ಅದನ್ನು ಐದು ನಿಮಿಷ ಆರಿಸಿದರೆ ಸರಿಯಾಗುತ್ತಿದ್ದದ್ದೂ ಇದಕ್ಕೇ. ಆ ಐದು ನಿಮಿಷ ಫೋನ್‌ಗಳು ಹಾಲ್‌ನ ಡಬ್ಬಿಗೆ ಸೇರಿ ಸರಿಯಾದ ಕೀಲಿ ತರುತ್ತಿದ್ದವು.

ಪಕ್ಕದ ಮನೆಯವರು ಆಗಲೇ ಒಂದು ಪರಿಹಾರ ಹೇಳಿದ್ದರು. ರೂಟರ್‌ಗೆ ಹಾಕುವ ಸಣ್ಣ ಯುಪಿಎಸ್ ತನ್ನಿ, ಕರೆಂಟ್ ಹೋದರೂ ಡಬ್ಬಿ ಆರುವುದಿಲ್ಲ ಅಂತ. ಒಳ್ಳೆಯ ವಸ್ತುವೇ ಅದು, ಆಮೇಲೆ ನಾವೂ ತಂದೆವು. ಆದರೆ ಮೊದಲೇ ತಂದಿದ್ದರೆ ಗುರುವಾರದ ತೊಂದರೆ ಮುಚ್ಚಿಹೋಗುತ್ತಿತ್ತು. ಊರಿಂದ ನೆಂಟರು ಬಂದು ಹೊಸ ಫೋನ್ ಸೇರಿಸಿದ ದಿನ ಮತ್ತೆ ಎದ್ದು ಬರುತ್ತಿತ್ತು. ಆಗ ಹಿಡಿಯುವುದು ಇನ್ನೂ ಕಷ್ಟ.

ಮೊದಲ ರಿಪೇರಿ, ಮತ್ತು ಅದು ತಂದ ಹೊಸ ತೊಂದರೆ

ಅವತ್ತು ನಾನು ಮಾಡಿದ್ದು ಸುಲಭದ ಕೆಲಸ. ಕೇಬಲ್ ಕಿತ್ತು ವ್ಯಾನ್ ಪೋರ್ಟ್‌ಗೆ ಹಾಕಿದೆ. ಈಗ ಹೊಸ ರೂಟರ್‌ಗೂ ಹೊರಗಿನ ದಾರಿ ಸಿಕ್ಕಿತು. ಅದು ಕೊಡುವ ವಿಳಾಸವೂ ಕೆಲಸ ಮಾಡತೊಡಗಿತು. ಅದೃಷ್ಟಕ್ಕೆ ಎರಡರ ಸಾಲೂ ಬೇರೆ ಇತ್ತು, ಒಂದು 192.168.1, ಇನ್ನೊಂದು 192.168.0. ಎರಡೂ 192.168.1 ಆಗಿದ್ದರೆ ಒಳಗು ಯಾವುದು, ಹೊರಗು ಯಾವುದು ಅಂತ ರೂಟರ್‌ಗೇ ತಿಳಿಯುವುದಿಲ್ಲ. ಕೆಲವು ರೂಟರ್‌ಗಳು ಇದನ್ನು ಗುರುತಿಸಿ ತಾವೇ ಸಾಲು ಬದಲಿಸಿಕೊಳ್ಳುತ್ತವೆ. ಎಲ್ಲವೂ ಅಲ್ಲ.

ಮುಂದಿನ ಗುರುವಾರ ಕಾಕು ಖುಷಿಯಿಂದ ಫೋನ್ ಮಾಡಿದರು. ಲೈಟ್ ಬಂದ ಕೂಡಲೇ ನೆಟ್ ಬಂದಿತ್ತು. ಶನಿವಾರ ಮತ್ತೆ ಫೋನ್. ಈ ಸಲ ಕಾಕಾ.

"ಹಾಲ್‌ನ್ಯಾಗ ಮಾತಾಡ್ಕೋತ ಕೂತಿರ್ತೀನಿ, ಒಳಗ ಹೋದ್ರ ವಿಡಿಯೊ ನಿಂತಬಿಡ್ತದ. ಅಕ್ಕ ಆ ಕಡೆ 'ಹಲೋ ಹಲೋ' ಅಂತಾಳ."

ಕಾಕಾ ದಿನಾ ಸಂಜೆ ಧಾರವಾಡದಲ್ಲಿರುವ ಅಕ್ಕನಿಗೆ ವಿಡಿಯೊ ಕಾಲ್ ಮಾಡುತ್ತಾರೆ. ಮಾತಾಡುತ್ತಾ ಮನೆಯೆಲ್ಲ ಓಡಾಡುವ ಅಭ್ಯಾಸ. ಪ್ಯಾಸೇಜ್ ದಾಟಿದರೆ ಕಾಲ್ ಕಡಿಯುತ್ತಿತ್ತು. ತಮ್ಮನಿಗೆ ಬೇರೆ ತೊಂದರೆ. ಹಾಲ್‌ನಲ್ಲಿರುವ ಪ್ರಿಂಟರ್ ಅವನ ಲ್ಯಾಪ್‌ಟಾಪ್‌ಗೆ ಕಾಣುತ್ತಿರಲಿಲ್ಲ. ಫೋನಿನ ವಿಡಿಯೊವನ್ನು ಟಿವಿಗೆ ಕಳಿಸುವುದೂ ನಿಂತಿತ್ತು.

ಇದು ನನ್ನ ತಪ್ಪು. ವ್ಯಾನ್ ಪೋರ್ಟ್‌ಗೆ ಹಾಕಿದ ಕೂಡಲೇ ಮನೆಯಲ್ಲಿ ಎರಡು ಪ್ರತ್ಯೇಕ ನೆಟ್‌ವರ್ಕ್ ಆದವು, ಒಂದರ ಹಿಂದೆ ಇನ್ನೊಂದು. ಒಳಗಿನ ರೂಟರ್ ತನ್ನ ಹಿಂದಿರುವವರ ವಿಳಾಸ ಬದಲಿಸಿ ಹಾಲ್‌ನ ಡಬ್ಬಿಗೆ ಕೊಡುತ್ತದೆ. ಆ ಡಬ್ಬಿ ಮತ್ತೆ ಬದಲಿಸಿ ಹೊರಗೆ ಕಳಿಸುತ್ತದೆ. ಹೀಗೆ ವಿಳಾಸ ಬದಲಿಸುವುದಕ್ಕೆ ನ್ಯಾಟ್ ಅಂತ ಹೆಸರು, ಎರಡು ಸಲ ಆದರೆ ಡಬಲ್ ನ್ಯಾಟ್ ಅನ್ನುತ್ತಾರೆ. ಸುದ್ದಿ ಓದಲು, ಸಿನಿಮಾ ನೋಡಲು, ಆಫೀಸ್ ಮೀಟಿಂಗ್‌ಗೆ ಏನೂ ತೊಂದರೆ ಇಲ್ಲ. ಡಬಲ್ ನ್ಯಾಟ್ ಅಂದರೆ ನೆಟ್ ಸ್ಪೀಡ್ ಸತ್ತೇಹೋಯಿತು ಅಂತ ಹೆದರಿಸುವವರಿದ್ದಾರೆ. ಅದು ಸರಿಯಲ್ಲ. ತೊಂದರೆ ಬರುವುದು ಮನೆಯೊಳಗಿನ ವಸ್ತುಗಳು ಪರಸ್ಪರ ಹುಡುಕಬೇಕಾದಾಗ. ಪ್ರಿಂಟರ್, ಟಿವಿ 'ನಾನಿಲ್ಲಿದ್ದೇನೆ' ಅಂತ ಕೂಗುವ ಕೂಗು ರೂಟರ್ ದಾಟುವುದಿಲ್ಲ. ಪ್ರಿಂಟರ್‌ನ ಐಪಿ ವಿಳಾಸವನ್ನು ಕೈಯಾರೆ ಬರೆದುಕೊಟ್ಟಾಗ ತಮ್ಮನ ಲ್ಯಾಪ್‌ಟಾಪ್‌ನಿಂದ ಪ್ರಿಂಟ್ ಬಂತು. ಟಿವಿಗೆ ಆ ದಾರಿ ಇರಲಿಲ್ಲ.

ಕಾಕಾ ಅವರ ಕಾಲ್ ಕಡಿಯಲು ಕಾರಣ ಇನ್ನೂ ಸೂಕ್ಷ್ಮ. ಎರಡು ಬೇರೆ ನೆಟ್‌ವರ್ಕ್‌ಗೆ ಒಂದೇ ಹೆಸರು ಇತ್ತು. ಹೆಸರು ಒಂದೇ ಅಂದರೆ ನೆಟ್‌ವರ್ಕ್ ಒಂದೇ ಅಂತ ಫೋನ್ ನಂಬುತ್ತದೆ. ಹಾಲ್‌ನ ವಿಳಾಸ ಹಿಡಿದುಕೊಂಡೇ ಒಳಗಿನ ರೂಟರ್‌ಗೆ ಜಿಗಿಯುತ್ತದೆ. ಅಲ್ಲಿ ಆ ವಿಳಾಸ ನಡೆಯುವುದಿಲ್ಲ. ಮೊದಲಿನ ತಪ್ಪು ವೈರಿಂಗ್‌ನಲ್ಲೂ ಈ ತೊಂದರೆ ಇರಲಿಲ್ಲ, ಯಾಕೆಂದರೆ ಆಗ ಎರಡೂ ಡಬ್ಬಿ ತಂತಿಯಿಂದ ಸೇರಿ ಒಂದೇ ನೆಟ್‌ವರ್ಕ್ ಆಗಿದ್ದವು. ಕಾಕಾ ಅವರ ದೃಷ್ಟಿಯಿಂದ ನೋಡಿದರೆ ನನ್ನ ರಿಪೇರಿ ಮನೆಯನ್ನು ಹಿಂದಕ್ಕೆ ಒಯ್ದಿತ್ತು. ಎರಡು ನೆಟ್‌ವರ್ಕ್ ಇಡಲೇಬೇಕು ಅಂದರೆ ಹೆಸರೂ ಬೇರೆ ಇರಬೇಕು.

ಬ್ರಿಜ್ ಮೋಡ್ ಯಾಕೆ ಬೇಡವಾಯಿತು

ತಮ್ಮನಿಗೆ ಬೇಕಾಗಿದ್ದದ್ದು ಬ್ರಿಜ್ ಮೋಡ್. ಕಂಪನಿಯ ಡಬ್ಬಿ ಬರೀ ಬೆಳಕು ಬದಲಿಸುವ ಕೆಲಸ ಮಾಡಲಿ, ಉಳಿದದ್ದೆಲ್ಲ ನಮ್ಮ ರೂಟರ್ ಮಾಡಲಿ ಅಂತ. ಅವನು ಆನ್‌ಲೈನ್ ಆಟ ಆಡುತ್ತಾನೆ. ನ್ಯಾಟ್ ಕಟ್ಟುನಿಟ್ಟಾಗಿದೆ ಅಂತ ಆಟದ ಪೆಟ್ಟಿಗೆ ದೂರುತ್ತಿತ್ತು. ಬ್ರಿಜ್ ಮಾಡಿದರೆ ಅದು ಹೋಗುತ್ತದೆ ಅಂತ ಅವನ ನಂಬಿಕೆ.

ಬ್ರಿಜ್ ಮೋಡ್ ಒಳ್ಳೆಯದೇ. ಆದರೆ ಅದಕ್ಕೆ ಕಂಪನಿಯ ಸಹಕಾರ ಬೇಕು. ಪಿಪಿಪಿಒಇ ಅನ್ನುವ, ಲಾಗಿನ್ ಮಾಡಬೇಕಾದ ಸಂಪರ್ಕವಾದರೆ ಹೆಸರು, ಪಾಸ್‌ವರ್ಡ್ ನಮ್ಮ ರೂಟರ್‌ಗೆ ಬರೆಯಬೇಕು. ಕೆಲವು ಕಡೆ ವಿಲ್ಯಾನ್ ನಂಬರ್, ಅಂದರೆ ಒಂದೇ ಎಳೆಯಲ್ಲಿ ನೆಟ್‌ನ ದಾರಿ ಯಾವುದು ಅಂತ ಗುರುತಿಸುವ ಅಂಕಿ, ಕೂಡ ಬೇಕು. ಅದು ಗೊತ್ತಿಲ್ಲದಿದ್ದರೆ ಉಳಿದೆಲ್ಲ ಸರಿ ಇದ್ದರೂ ಸಂಪರ್ಕ ಏಳುವುದಿಲ್ಲ. ಹೆಲ್ಪ್‌ಲೈನ್‌ಗೆ ಕೇಳಿದೆವು. ಮರುದಿನ ಬಂದ ಹುಡುಗ ಮರಾಠಿಯಲ್ಲಿ ತಾಳ್ಮೆಯಿಂದ ವಿವರಿಸಿದ. ಈ ಪ್ಲ್ಯಾನ್‌ಗೆ ನಾವು ಬ್ರಿಜ್ ಕೊಡುವುದಿಲ್ಲ, ಈ ಡಬ್ಬಿಯಲ್ಲಿ ಹಾಗೆ ಮಾಡಿದರೆ ಲ್ಯಾಂಡ್‌ಲೈನ್ ನಿಲ್ಲುತ್ತದೆ ಅಂದ. ಊರಿನ ಹಿರಿಯರ ಹತ್ತಿರ ಇರುವುದು ಆ ಲ್ಯಾಂಡ್‌ಲೈನ್ ನಂಬರ್. ಕಾಕು ಅದನ್ನು ಬಿಡಲು ತಯಾರಿರಲಿಲ್ಲ. ಅವರ ಮಾತೇ ನನಗೆ ಸರಿ ಅನಿಸಿತು.

ಇನ್ನೊಂದು ವಿಷಯವೂ ಇತ್ತು. ಬ್ರೌಸರ್‌ನಲ್ಲಿ ಕಂಪನಿಯ ಡಬ್ಬಿಯ ಸೆಟ್ಟಿಂಗ್ ಪುಟ ತೆರೆದು ಅದಕ್ಕೆ ಹೊರಗಿನಿಂದ ಬಂದಿರುವ ವಿಳಾಸ ನೋಡಿದೆ. 100.72ರಿಂದ ಶುರುವಾಗುವ ವಿಳಾಸ. 100.64ರಿಂದ 100.127ರವರೆಗಿನ ಸಾಲನ್ನು 2012ರಲ್ಲಿ ಕಂಪನಿಗಳ ಒಳಬಳಕೆಗೆ ಮೀಸಲಿಟ್ಟರು. ಇಂಥ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಒಟ್ಟು ಸುಮಾರು 430 ಕೋಟಿ ವಿಳಾಸ ಮಾತ್ರ. ಜಾಗತಿಕ ಭಂಡಾರದ ಕೊನೆಯ ಗಂಟುಗಳನ್ನು 2011ರ ಫೆಬ್ರವರಿಯಲ್ಲೇ ಹಂಚಿಬಿಟ್ಟಿದ್ದಾರೆ. ಹಾಗಾಗಿ ಒಂದು ನಿಜವಾದ ವಿಳಾಸದ ಹಿಂದೆ ಕಂಪನಿಗಳು ಬಹಳ ಮನೆಗಳನ್ನು ಕೂರಿಸುತ್ತವೆ. ಅಂದರೆ ನಮ್ಮ ಮನೆಯ ಹೊರಗೂ ಇನ್ನೊಂದು ನ್ಯಾಟ್ ಇದೆ. ಬ್ರಿಜ್ ಮೋಡ್ ಸಿಕ್ಕಿದ್ದರೂ ತಮ್ಮನ ಆಟದ ದೂರು ಹೋಗುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಬ್ರಿಜ್‌ಗೆ ಜಗಳ ಮಾಡುವ ಮುಂಚೆ ಆ ಒಂದು ಅಂಕಿ ನೋಡಿ. ಎರಡು ನಿಮಿಷದ ಕೆಲಸ, ಬಹಳ ಓಡಾಟ ಉಳಿಯುತ್ತದೆ.

ಕೊನೆಗೆ ಕೂತು ಯೋಚಿಸಿದಾಗ ಪ್ರಶ್ನೆಯೇ ಬೇರೆ ಅನಿಸಿತು. ಈ ಮನೆಗೆ ಬೇಕಾಗಿದ್ದದ್ದು ಇನ್ನೊಂದು ರೂಟರ್ ಅಲ್ಲ. ಹಿಂದಿನ ರೂಮಿಗೆ ವೈಫೈ ಬೇಕಾಗಿತ್ತು, ಅಷ್ಟೇ. ನಾವು ರೂಟರ್ ಅಂತ ಕೊಳ್ಳುವ ಡಬ್ಬಿಯೊಳಗೆ ವಿಳಾಸ ಹಂಚುವುದು, ದಾರಿ ತೋರಿಸುವುದು, ವೈಫೈ ಬಿತ್ತರಿಸುವುದು ಅಂತ ಬೇರೆ ಬೇರೆ ಕೆಲಸಗಳಿವೆ. ಮೊದಲ ಎರಡನ್ನೂ ಹಾಲ್‌ನ ಡಬ್ಬಿ ಆಗಲೇ ಮಾಡುತ್ತಿದೆ. ಹೊಸದರಲ್ಲಿ ಅವೆರಡನ್ನು ಮಲಗಿಸಿ ವೈಫೈ ಮಾತ್ರ ಎಚ್ಚರ ಇಡಬೇಕು. ಇದಕ್ಕೆ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಹೆಸರು. ಇಂಥ ಮನೆಗಳಿಗೆ ನನ್ನ ಮೊದಲ ಆಯ್ಕೆ ಇದೇ ಆಗಬೇಕಿತ್ತು.

ಎರಡನೇ ಭಾನುವಾರ

ತಮ್ಮನ ರೂಟರ್‌ನ ಪುಟದಲ್ಲಿ ಆಪರೇಷನ್ ಮೋಡ್ ಅಂತ ಒಂದು ಜಾಗ ಇತ್ತು. ಅಲ್ಲಿ ಆಕ್ಸೆಸ್ ಪಾಯಿಂಟ್ ಆರಿಸಿ ಉಳಿಸಿದೆವು. ರೂಟರ್ ಆರಿ ಹತ್ತಿತು. ಅದರ ಡಿಎಚ್‌ಸಿಪಿ ತಾನೇ ನಿಂತಿತು. ಈ ಮೋಡ್ ಇಲ್ಲದ ಹಳೆಯ ರೂಟರ್‌ಗಳಲ್ಲಿ ಕೈಯಾರೆ ಮಾಡಬೇಕು. ಮೊದಲು ಅದರ ಸ್ವಂತ ವಿಳಾಸವನ್ನು ಹಾಲ್‌ನ ಡಬ್ಬಿಯ ಸಾಲಿಗೆ ತರಬೇಕು, ಆಮೇಲೆ ಡಿಎಚ್‌ಸಿಪಿ ಆರಿಸಬೇಕು, ಕೊನೆಗೆ ಲ್ಯಾನ್‌ನಿಂದ ಲ್ಯಾನ್‌ಗೆ ಕೇಬಲ್. ತಮ್ಮ ಮೊದಲು ನೋಡಿದ್ದ ವಿಡಿಯೊ ಹೇಳಿದ್ದೂ ಈ ಕೆಲಸವನ್ನೇ, ಆದರೆ ಅದರಲ್ಲಿ ಕೇಬಲ್ ಮೊದಲು ಬಂದಿತ್ತು. ಕ್ರಮ ಮುಖ್ಯ. ಡಿಎಚ್‌ಸಿಪಿ ಮೊದಲೇ ಆರಿಸಿ ಕೂತರೆ ಲ್ಯಾಪ್‌ಟಾಪ್‌ಗೆ ವಿಳಾಸ ಸಿಗದೆ 169.254ರ ಸಾಲು ಬಂದುಬಿಡುತ್ತದೆ, ರೂಟರ್‌ನ ಪುಟವೇ ತೆರೆಯುವುದಿಲ್ಲ.

ಹಾಲ್‌ನ ಡಬ್ಬಿಯಲ್ಲಿ ಒಂದು ಬದಲಾವಣೆ ಮಾಡಿದೆ. ಅದು 192.168.1.2ರಿಂದಲೇ ವಿಳಾಸ ಹಂಚುತ್ತಿತ್ತು. ಅದನ್ನು 20ರಿಂದ ಶುರು ಮಾಡಿಸಿ, ಹೊಸ ರೂಟರ್‌ಗೆ 192.168.1.2 ಅಂತ ಖಾಯಂ ವಿಳಾಸ ಕೊಟ್ಟೆ. ಮುಂದೆ ಅದರ ಪುಟ ತೆರೆಯಬೇಕಾದರೆ ಹುಡುಕುವುದು ಬೇಡ. ಹೆಸರು, ಪಾಸ್‌ವರ್ಡ್ ಒಂದೇ ಇಟ್ಟೆವು. ಈಗ ಅದು ಸರಿ, ಯಾಕೆಂದರೆ ನೆಟ್‌ವರ್ಕ್ ನಿಜವಾಗಿ ಒಂದೇ. ವೈಫೈ ಮಾತಾಡುವ ಚಾನೆಲ್, ಅಂದರೆ ರೇಡಿಯೋ ಅಲೆಯ ಪಟ್ಟಿ, ಮಾತ್ರ ಬೇರೆ ಬೇರೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ 1, 6, 11. ಪಕ್ಕದ ಮನೆಗಳ ವೈಫೈ ಬಹಳಷ್ಟು 6ರಲ್ಲಿ ಗಿಜಿಗುಡುತ್ತಿತ್ತು. ಹಾಲ್‌ಗೆ 1, ಒಳಗೆ 11 ಇಟ್ಟೆ. 5 ಗಿಗಾಹರ್ಟ್ಸ್‌ನಲ್ಲಿ 36 ಮತ್ತು 149.

ಹಾಲ್‌ನ ಡಬ್ಬಿಯ ವೈಫೈ ಶಕ್ತಿಯನ್ನು ಸ್ವಲ್ಪ ಇಳಿಸಿದ್ದು ಅತಿ ಹೆಚ್ಚು ಉಪಯೋಗಕ್ಕೆ ಬಂತು. ಯಾವ ವೈಫೈಗೆ ಸೇರಬೇಕು ಅಂತ ನಿರ್ಧರಿಸುವುದು ಮುಖ್ಯವಾಗಿ ಫೋನ್. ಹಳೆಯದರ ಸಿಗ್ನಲ್ ಅಷ್ಟಿಷ್ಟು ಸಿಗುತ್ತಿದ್ದರೆ ಅದು ಬಿಟ್ಟು ಬರುವುದಿಲ್ಲ. ಶಕ್ತಿ ಇಳಿಸಿದ ಮೇಲೆ ಪ್ಯಾಸೇಜ್ ದಾಟುವಾಗಲೇ ಫೋನ್ ಜಿಗಿಯತೊಡಗಿತು. ಕಾಕಾ ಅಕ್ಕನಿಗೆ ಕಾಲ್ ಹಚ್ಚಿ ಹಾಲ್‌ನಿಂದ ಹಿಂದಿನ ರೂಮಿಗೆ, ಅಲ್ಲಿಂದ ವಾಪಸ್, ನಾಲ್ಕು ಸಲ ಓಡಾಡಿದರು. ಚಿತ್ರ ಒಂದು ಕ್ಷಣ ತಡೆಯಿತು, ಕಡಿಯಲಿಲ್ಲ. ಧಾರವಾಡದಿಂದ ಅತ್ತೆ, "ಯಾಕೋ ಹಂಗ ತಿರಗಾಡಾಕತ್ತಿ, ಕೂಡೋ ಒಂದ ಕಡೆ" ಅಂದರು. ಪ್ರಿಂಟರ್ ಕಂಡಿತು. ಟಿವಿ ಕಂಡಿತು.

ಒಂದು ಮಾತ್ರ ಸರಿ ಇರಲಿಲ್ಲ. ಪ್ಲ್ಯಾನ್ 200 ಎಂಬಿಪಿಎಸ್. ಹಾಲ್‌ನಲ್ಲಿ ಅಷ್ಟೂ ಬರುತ್ತಿತ್ತು. ಹಿಂದಿನ ರೂಮಿನಲ್ಲಿ ಎಷ್ಟು ಸಲ ಅಳೆದರೂ 94. ವೈಫೈ ಸ್ಪೀಡ್ ಏರಿಳಿಯುತ್ತದೆ, ಹೀಗೆ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. 94 ಅಂದರೆ ಕೇಬಲ್ 100 ಎಂಬಿಪಿಎಸ್‌ಗೆ ಇಳಿದಿದೆ ಅಂತ ಅರ್ಥ. ಲ್ಯಾನ್ ಕೇಬಲ್‌ನಲ್ಲಿ ಎಂಟು ಎಳೆ ಇರುತ್ತವೆ. 100ರ ವೇಗಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ, ಅಂದರೆ 1000ರ ವೇಗಕ್ಕೆ, ಎಂಟೂ ಬೇಕು. 100ಕ್ಕೆ ಬೇಡದ ಉಳಿದ ನಾಲ್ಕರಲ್ಲಿ ಒಂದು ಎಳೆ ತಪ್ಪಿದರೂ ಎರಡು ಕಡೆಯ ಡಬ್ಬಿಗಳು ಸಾಮಾನ್ಯವಾಗಿ ಸುಮ್ನೆ 100ಕ್ಕೆ ಒಪ್ಪಿಕೊಂಡುಬಿಡುತ್ತವೆ, ಯಾರಿಗೂ ಹೇಳುವುದಿಲ್ಲ. ತಮ್ಮ ಬಾಗಿಲ ಸಂದಿಯಲ್ಲಿ ಎಳೆಯುವಾಗ ಒಂದು ತುದಿಯ ಕನೆಕ್ಟರ್ ಜಗ್ಗಿ ಕಂದು ಬಣ್ಣದ ಎಳೆ ಹೊರಬಂದಿತ್ತು. ಪುಣೆಯ ಬುಧವಾರ ಪೇಠೆ ಎಂಬ ಪೇಟೆಯ ತಪಕೀರ್ ಗಲ್ಲಿಯಿಂದ ಕನೆಕ್ಟರ್ ತಂದು ಎರಡೂ ತುದಿಗೆ ಹೊಸದಾಗಿ ಒತ್ತಿ ಕೂರಿಸಿದೆವು. 200 ಬಂತು.

ಆಮೇಲೆ

ಮೂರು ವಾರ ಚೆನ್ನಾಗಿ ನಡೆಯಿತು. ಒಂದು ಬೆಳಿಗ್ಗೆ ಹಾಲ್‌ನ ವೈಫೈ ಹೆಸರು ಬದಲಾಗಿ, ಡಬ್ಬಿಯ ಕೆಳಗಿನ ಸ್ಟಿಕರ್‌ನಲ್ಲಿರುವ ಹೆಸರು ಬಂದುಬಿಟ್ಟಿತ್ತು. ಕಂಪನಿಯವರು ತಮ್ಮ ಡಬ್ಬಿಗಳನ್ನು ದೂರದಿಂದಲೇ ನೋಡಿಕೊಳ್ಳುವ ವ್ಯವಸ್ಥೆ ಇಟ್ಟುಕೊಂಡಿರುತ್ತಾರೆ. ರಾತ್ರಿ ಹೊಸ ಸಾಫ್ಟ್‌ವೇರ್ ಹಾಕಿದಾಗ ನಾವು ಮಾಡಿದ ಬದಲಾವಣೆಗಳು ಅಳಿಸಿಹೋಗಿದ್ದವು. ಹೆಸರು, ಚಾನೆಲ್, ಶಕ್ತಿ, 20ರಿಂದ ಶುರುವಾಗುವ ವಿಳಾಸ, ಎಲ್ಲ. ಒಳಗಿನ ರೂಟರ್ ನಮ್ಮದು, ಅದಕ್ಕೆ ಏನೂ ಆಗಿರಲಿಲ್ಲ. ಹಾಗಾಗಿ ನೆಟ್ ನಿಲ್ಲಲಿಲ್ಲ, ಹಾಲ್‌ನಲ್ಲಿ ಮಾತ್ರ ಸಿಗ್ನಲ್ ಸೊರಗಿತು.

ಅವತ್ತು ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಟಿವಿ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದೆ. ಯಾವ ಪುಟ, ಯಾವ ಅಂಕಿ, ಯಾವ ಕೇಬಲ್ ಎಲ್ಲಿಗೆ. ಪಾಸ್‌ವರ್ಡ್ ಬರೆಯಲಿಲ್ಲ, ಅದು ಕಾಕಾ ಅವರ ಡೈರಿಯಲ್ಲಿದೆ. ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿದೆ. ರೂಟರ್‌ನ ಖಾಲಿ ಪೋರ್ಟ್‌ಗಳ ಮೇಲೂ ಟೇಪ್ ಹಚ್ಚಿದೆ. ಯಾರೋ ಗುಡಿಸುವಾಗ ಕೇಬಲ್ ಕಿತ್ತು ಕಂಡಲ್ಲಿ ಚುಚ್ಚಬಾರದು, ಅಲ್ವಾ? ಅದಾದ ಮೇಲೆ ಇನ್ನೊಮ್ಮೆ ಹಾಗೇ ಅಳಿಸಿಹೋದಾಗ ಕಾಕಾ ನನಗೆ ಫೋನ್ ಮಾಡಲಿಲ್ಲ. ಕನ್ನಡಕ ಹಾಕಿಕೊಂಡು ಹಾಳೆ ನೋಡಿ ತಾವೇ ಸರಿಮಾಡಿದರಂತೆ. ಕಾಕು ಹೇಳಿದ ಮೇಲೇ ನನಗೆ ಗೊತ್ತಾಯಿತು.

ತಮ್ಮನ ಆಟದ ಪೆಟ್ಟಿಗೆ ಇನ್ನೂ ಅದೇ ದೂರು ಹೇಳುತ್ತದೆ. ಕಂಪನಿಯವರು ಬೇರೆ ದುಡ್ಡಿಗೆ ನಮಗೊಬ್ಬರಿಗೇ ಸೇರಿದ ಸ್ಥಿರ ವಿಳಾಸ ಕೊಡುತ್ತಾರೆ. ಆಟಕ್ಕಾಗಿ ತಿಂಗಳು ತಿಂಗಳು ಅಷ್ಟು ಕೊಡುವುದು ಬೇಡ ಅಂತ ಅವನೇ ಬಿಟ್ಟಿದ್ದಾನೆ. ಅಡುಗೆಮನೆಯ ಬಾಲ್ಕನಿಗೂ ಸಿಗ್ನಲ್ ಸರಿಯಾಗಿ ತಲುಪಿಲ್ಲ. ಕಾಕಾ ಬೆಳಿಗ್ಗೆ ಅಲ್ಲಿ ಕೂತು ಫೋನಿನಲ್ಲಿ ಧಾರವಾಡ ಆಕಾಶವಾಣಿ ಕೇಳುತ್ತಾರೆ, ಅದು ಆಗಾಗ ತಡೆಯುತ್ತದೆ. ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವವರಿದ್ದಾರೆ. ಆಗ ಪೈಪ್ ಹಾಕಿಸಿ ಆ ಕಡೆಗೂ ಒಂದು ಕೇಬಲ್ ಎಳೆಯುತ್ತೇವೆ.